ಎದುರು ನಿಂತವರಿಗೆ ಬಿಟ್ಟ ಜಾಗ

ಕೇಳುಗರಿಗೆ ನಮಸ್ಕಾರ.

ಕಣ್ಣಾರೆ ನೋಡಬೇಕಾದ ಕಲೆಯ ಬಗ್ಗೆ ಇವತ್ತು ನಿಮ್ಮ ಕಿವಿಗೆ ಹೇಳಲು ಕೂತಿದ್ದೇನೆ. ವಿಚಿತ್ರ ಅನ್ನಿಸಬಹುದು. ಈ ಕಲೆಯ ಹೆಸರು ಮಿನಿಮಲಿಸಂ: ಆಕಾರ, ಬಣ್ಣ ಎಲ್ಲವನ್ನೂ ಆದಷ್ಟು ಕಡಿಮೆ ಮಾಡಿ, ಸರಳವಾಗಿಸಿದ ಅರವತ್ತರ ದಶಕದ ಕಲೆ. ಆ ಹೆಸರು ಎತ್ತಿದ ಕೂಡಲೇ ಕಲೆಯ ಒಡನಾಟ ಇರುವವರು ನೆನೆಯುವ ಒಂದು ಮಾತಿದೆ. ಅದನ್ನು ಆಡಿದ್ದು ರೇಡಿಯೋದಲ್ಲೇ. 1964ರಲ್ಲಿ ನ್ಯೂಯಾರ್ಕಿನ ಒಂದು ಬಾನುಲಿ ಕೇಂದ್ರಕ್ಕಾಗಿ ಬ್ರೂಸ್ ಗ್ಲೇಸರ್ ಎಂಬುವರು ಕೆಲವು ಕಲಾವಿದರನ್ನು ಮಾತಾಡಿಸಿದರು. ಅವರಲ್ಲಿ ಫ್ರಾಂಕ್ ಸ್ಟೆಲ್ಲಾ, ಡೊನಾಲ್ಡ್ ಜಡ್ ಇದ್ದರು. ಕ್ಯಾನ್ವಾಸಿನ ಮೇಲೆ ಬಣ್ಣ ಬಿಟ್ಟು ಇನ್ನೇನೋ ಇದೆ ಎನ್ನುವವರ ಜೊತೆ ತನಗೆ ಯಾವಾಗಲೂ ವಾದವಾಗುತ್ತದೆ ಎಂದು ಸ್ಟೆಲ್ಲಾ ಹೇಳಿದರು. ಆಮೇಲೆ ಆ ಮಾತು ಬಂತು: "ನೀವು ಏನು ನೋಡುತ್ತೀರೋ ಅದೇ ಅಲ್ಲಿರುವುದು."

ಹಲವರಿಗೆ ಇದು ಉಡಾಫೆಯ ಮಾತಾಗಿ ಕೇಳಿಸಿದೆ. ನನಗೆ ಹಾಗನ್ನಿಸುವುದಿಲ್ಲ. ಚಿತ್ರದ ಮುಂದೆ ನಿಂತಾಗ ನಮಗೆ ಒಂದು ಅಳುಕು ಇರುತ್ತದೆ, ಅಲ್ವಾ? ಇದರೊಳಗೆ ಏನೋ ಗುಟ್ಟು ಇದೆ, ಓದಿಕೊಂಡವರಿಗೆ ಮಾತ್ರ ಗೊತ್ತು, ನನಗೆ ಗೊತ್ತಾಗುತ್ತಿಲ್ಲ ಅಂತ. ಸ್ಟೆಲ್ಲಾ ಅವರ ಮಾತು ಆ ಅಳುಕನ್ನು ತೆಗೆದುಹಾಕುತ್ತದೆ. ನಿಮಗೆ ಕಣ್ಣಿದೆ, ಕಾಲಿದೆ, ಸ್ವಲ್ಪ ಹೊತ್ತಿದೆ. ಅಷ್ಟು ಸಾಕು, ಬನ್ನಿ ಎನ್ನುತ್ತದೆ.

ಅದಕ್ಕೂ ಹಿಂದಿನ ದಶಕದಲ್ಲಿ ಅಮೆರಿಕದ ಚಿತ್ರಕಲೆ ಬೇರೆ ದಾರಿಯಲ್ಲಿತ್ತು. ಬಣ್ಣ ಚೆಲ್ಲುವುದು, ಎರಚುವುದು, ಬಳಿಯುವುದು. ಕಲಾವಿದನ ಮನಸ್ಸಿನ ಬಿರುಗಾಳಿಯೆಲ್ಲ ಕ್ಯಾನ್ವಾಸಿನ ಮೇಲೆ. ಅದರಲ್ಲಿ ದೊಡ್ಡ ಕೃತಿಗಳೂ ಬಂದವು. ಆದರೆ ಬಿರುಗಾಳಿಯೇ ಅಭ್ಯಾಸವಾಗಿಬಿಟ್ಟರೆ ಏನು ಮಾಡುವುದು? 1959ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿ 23 ವರ್ಷದ ಸ್ಟೆಲ್ಲಾ ಕಪ್ಪು ಚಿತ್ರಗಳನ್ನು ತೂಗುಹಾಕಿದರು. ಮನೆಗೆ ಬಣ್ಣ ಹೊಡೆಯುವ ಬ್ರಷ್ಷು, ಅಂಗಡಿಯಲ್ಲಿ ಸಿಗುವ ಕಪ್ಪು ಇನಾಮೆಲ್. ಒಂದರ ಪಕ್ಕ ಒಂದು ಪಟ್ಟೆ, ಇಡೀ ಕ್ಯಾನ್ವಾಸಿನ ತುಂಬ.

ಹತ್ತಿರ ಹೋಗಿ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಪಟ್ಟೆಗಳ ನಡುವೆ ಸಣ್ಣ ಬಿಳಿ ಗೆರೆಗಳಿವೆ. ಅವನ್ನು ಯಾರೂ ಎಳೆದಿಲ್ಲ. ಅದು ಬಣ್ಣ ತಾಗದೆ ಉಳಿದ ಬಟ್ಟೆ. ಕೈಯಿಂದ ಹೊಡೆದ ಪಟ್ಟೆ, ಹಾಗಾಗಿ ಅಂಚು ಅಲ್ಲಲ್ಲಿ ನಡುಗಿದೆ, ಕಪ್ಪು ಸ್ವಲ್ಪ ಹರಡಿದೆ. ದೂರದಿಂದ ಯಂತ್ರದ ಕೆಲಸ, ಹತ್ತಿರದಿಂದ ಉಸಿರಾಡುವ ಕೆಲಸ. ಬಳಿದದ್ದಕ್ಕಿಂತ ಬಿಟ್ಟದ್ದೇ ಕಣ್ಣನ್ನು ಮೊದಲು ಹಿಡಿಯುತ್ತದೆ.

ಸರಳ ಆಕಾರವೊಂದನ್ನೇ ಗೋಡೆಗೆ ಹಾಕಿದವರು ಇವರೇ ಮೊದಲಿಗರಲ್ಲ. 1915ರಲ್ಲೇ ಪೆತ್ರೊಗ್ರಾದ್‌ನಲ್ಲಿ ಕಝಿಮಿರ್ ಮಲೇವಿಚ್ ಕಪ್ಪು ಚೌಕವೊಂದನ್ನು ಕೋಣೆಯ ಮೇಲಿನ ಮೂಲೆಯಲ್ಲಿ ತೂಗುಹಾಕಿದ್ದರು. ರಷ್ಯಾದ ಮನೆಗಳಲ್ಲಿ ಅದು ದೇವರ ಪಟದ ಜಾಗ. ಆದರೆ ಅರವತ್ತರ ದಶಕದವರಿಗೆ ದೇವರ ಜಾಗ ಬೇಕಿರಲಿಲ್ಲ. ನೆಲ ಬೇಕಿತ್ತು, ಗೋಡೆ ಬೇಕಿತ್ತು, ನೀವು ನಿಂತಿರುವ ಕೋಣೆ ಬೇಕಿತ್ತು.

ಡೊನಾಲ್ಡ್ ಜಡ್ ಅವರನ್ನು ನೋಡಿ. ಚಿತ್ರ ಬರೆಯುತ್ತಿದ್ದವರು, ವಿಮರ್ಶೆಯನ್ನೂ ಬರೆಯುತ್ತಿದ್ದವರು. ಆಮೇಲೆ ಪೆಟ್ಟಿಗೆಗಳಿಗೆ ಕೈಹಾಕಿದರು. ಕೈಹಾಕಿದರು ಎಂದರೂ ಅವನ್ನು ಮಾಡಿದ್ದು ತಗಡಿನ ಕೆಲಸದ ಕಾರ್ಖಾನೆಯವರು. ಜಡ್ ಅಳತೆ ಬರೆದುಕೊಡುತ್ತಿದ್ದರು. ಹಾಗಾದರೆ ಇವರು ಮಾಡಿದ್ದೇನು ಎಂದು ಕೇಳುವುದು ಸಹಜ. ಉತ್ತರ ಆ ಅಳತೆಯಲ್ಲೇ ಇದೆ. ಗೋಡೆಗೆ ಒಂದರ ಮೇಲೊಂದು ಜೋಡಿಸಿದ ಪೆಟ್ಟಿಗೆಗಳ ಅವರ ಕೃತಿಗಳನ್ನು 'ಸ್ಟ್ಯಾಕ್' ಎನ್ನುತ್ತಾರೆ. ದೊಡ್ಡ ಸ್ಟ್ಯಾಕ್‌ನಲ್ಲಿ ಒಂದೊಂದು ಪೆಟ್ಟಿಗೆ 9 ಇಂಚು ಎತ್ತರ. ಎರಡು ಪೆಟ್ಟಿಗೆಗಳ ನಡುವಿನ ಖಾಲಿಯೂ 9 ಇಂಚು. ಲೋಹಕ್ಕೆ ಎಷ್ಟು ಹಕ್ಕೋ ಗಾಳಿಗೂ ಅಷ್ಟೇ ಹಕ್ಕು. ಸಾಮಾನ್ಯವಾಗಿ ಹತ್ತು ಪೆಟ್ಟಿಗೆ. ಸೂರು ತಗ್ಗಾಗಿದ್ದರೆ ಒಂದೋ ಎರಡೋ ಪೆಟ್ಟಿಗೆ ಕಡಿಮೆ ಮಾಡಬಹುದು. ನಡುವಿನ ಖಾಲಿಯನ್ನು ಮಾತ್ರ ಒತ್ತಿ ಕುಗ್ಗಿಸುವಂತಿಲ್ಲ.

ಖಾಲಿಗೆ ಇಷ್ಟು ಮರ್ಯಾದೆ ಕೊಟ್ಟ ಕಲೆಯನ್ನು 'ಏನೂ ಇಲ್ಲದ ಕಲೆ' ಎಂದು ಕರೆಯುವಾಗ ನನಗೆ ನೋವಾಗುತ್ತದೆ. ಮಿನಿಮಲ್ ಎಂಬ ಹೆಸರನ್ನು ಅವರೇನೂ ಇಟ್ಟುಕೊಂಡಿರಲಿಲ್ಲ. 1965ರಲ್ಲಿ ರಿಚರ್ಡ್ ವೋಲ್‌ಹೈಮ್ ಎಂಬ ತತ್ವಶಾಸ್ತ್ರಜ್ಞರು ಒಂದು ಲೇಖನಕ್ಕೆ ಇಟ್ಟ ತಲೆಬರಹ ಅದು. ಜಡ್ ಅವರಿಗಂತೂ ಆ ಹೆಸರು ಕೊನೆಯವರೆಗೂ ಹಿಡಿಸಲಿಲ್ಲ. ಈಗಂತೂ ಮನೆಯಲ್ಲಿ ಸಾಮಾನು ಕಡಿಮೆ ಇಟ್ಟುಕೊಳ್ಳುವುದಕ್ಕೂ ಅದೇ ಹೆಸರು. ಅದು ಬೇರೆ ವಿಷಯ, ಇಲ್ಲಿ ಬೇಡ.

ಜನರಿಗೆ ಸಿಟ್ಟು ಬಂದದ್ದೂ ನಿಜ. ಕಾರ್ಲ್ ಆಂಡ್ರೆ 1966ರಲ್ಲಿ ಎಂಟು ಶಿಲ್ಪಗಳನ್ನು ನೆಲದ ಮೇಲೆ ಜೋಡಿಸಿದರು. ಪ್ರತಿಯೊಂದಕ್ಕೂ 120 ಇಟ್ಟಿಗೆ, ಎರಡು ಸಾಲು ಎತ್ತರ. ಉದ್ದ ಅಗಲ ಮಾತ್ರ ಬೇರೆ ಬೇರೆ. ಎಂಟನೆಯದನ್ನು ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಕೊಂಡುಕೊಂಡಿತು. 1976ರಲ್ಲಿ ಪತ್ರಿಕೆಗಳು ಇದನ್ನು ಎತ್ತಿಕೊಂಡವು. ಸಾರ್ವಜನಿಕರ ದುಡ್ಡಿನಲ್ಲಿ ಇಟ್ಟಿಗೆ ಕೊಳ್ಳುವುದೇ ಎಂದು ದೊಡ್ಡ ಗಲಾಟೆ. ಒಬ್ಬರು ಬಂದು ಅದರ ಮೇಲೆ ನೀಲಿ ಬಣ್ಣವನ್ನೂ ಎರಚಿದರು.

ಆ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಎಂಟರಲ್ಲಿ ಒಂದನ್ನೇ ನೋಡಿದವರಿಗೆ ಅದು ಸುಮ್ನೆ ಇಟ್ಟಿಗೆ ರಾಶಿಯಾಗಿ ಕಂಡರೆ ತಪ್ಪೇನು? ಎಂಟೂ ಒಂದೇ ಕೋಣೆಯಲ್ಲಿದ್ದಾಗಿನ ನೋಟ ಬೇರೆ. ಎಲ್ಲವೂ ಒಂದೇ ಎತ್ತರ, ಒಂದೇ ತೂಕ. ಆದರೆ ಒಂದು ಉದ್ದುದ್ದ ಕಾಣುತ್ತದೆ, ಇನ್ನೊಂದು ಗಿಡ್ಡಗೆ, ಮತ್ತೊಂದು ಹೆಚ್ಚು ಭಾರ. ಎಣಿಕೆ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಇವನ್ನು ಜೋಡಿಸುವ ಹಿಂದಿನ ವರ್ಷ ಆಂಡ್ರೆ ಒಂದು ಸರೋವರದಲ್ಲಿ ದೋಣಿಯಲ್ಲಿ ಹೋಗುತ್ತಿದ್ದರಂತೆ. ಶಿಲ್ಪ ಎಂದರೆ ನೀರಿನಷ್ಟು ಸಮತಟ್ಟಾಗಿರಬೇಕು ಎಂದು ಅವರಿಗೆ ಹೊಳೆದದ್ದು ಆಗಲೇ. ಆ ಇಟ್ಟಿಗೆಗಳ ನಡುವೆ ನಡೆಯುವುದು ಪಾದ ಮುಳುಗುವಷ್ಟು ನೀರಿನಲ್ಲಿ ನಡೆದ ಹಾಗೆ.

ಇದೆಲ್ಲ ನಾಟಕ ಎಂದವರೂ ಇದ್ದಾರೆ. ವಿಮರ್ಶಕ ಮೈಕೆಲ್ ಫ್ರೀಡ್ 1967ರಲ್ಲಿ ಹಾಗೆ ಬರೆದರು. ಈ ವಸ್ತುಗಳು ನೋಡುವವರು ಬರಲಿ ಎಂದು ಕಾದು ಕೂತಿರುತ್ತವೆ, ಅವರಿಲ್ಲದೆ ಪೂರ್ತಿಯಾಗುವುದಿಲ್ಲ ಎಂಬುದು ಅವರ ತಕರಾರು. ಫ್ರೀಡ್ ಬಹಳ ಸೂಕ್ಷ್ಮವಾಗಿ ನೋಡಿದ್ದರು. ಆದರೆ ಅವರು ದೋಷ ಎಂದದ್ದನ್ನೇ ನಾನು ಪ್ರೀತಿಸುತ್ತೇನೆ. ನಮಗಾಗಿ ಕಾಯುವ ಕಲೆಯಲ್ಲಿ ತಪ್ಪೇನಿದೆ?

ಈಗ ನನಗೆ ಎಲ್ಲರಿಗಿಂತ ಹತ್ತಿರದವರ ಬಗ್ಗೆ ಹೇಳುತ್ತೇನೆ. ಆಗ್ನೆಸ್ ಮಾರ್ಟಿನ್. ಕೆನಡಾದಲ್ಲಿ 1912ರಲ್ಲಿ ಹುಟ್ಟಿದವರು. ಮಿನಿಮಲಿಸ್ಟ್ ಎಂಬ ಪಟ್ಟಿಯಲ್ಲಿ ತನ್ನನ್ನು ಸೇರಿಸುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ತನ್ನ ಚಿತ್ರಗಳಲ್ಲಿ ಇರುವುದು ಭಾವನೆ ಎನ್ನುತ್ತಿದ್ದರು. ಆದರೂ ಅವರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ.

ಆರು ಅಡಿ ಉದ್ದ, ಆರು ಅಡಿ ಅಗಲದ ಕ್ಯಾನ್ವಾಸು. ಅದರ ಮೇಲೆ ತೆಳುವಾಗಿ ಬಳಿದ ಬಣ್ಣ, ಆ ಬಣ್ಣದ ಮೇಲೆ ಪೆನ್ಸಿಲ್ ಗೆರೆ. ಅಡ್ಡಕ್ಕೆ, ಉದ್ದಕ್ಕೆ, ನೂರಾರು. ಅಷ್ಟೇ. ಇದರ ಕಷ್ಟ ತಿಳಿಯಬೇಕಾದರೆ ನೀವೇ ಮಾಡಿ ನೋಡಿ. ಒಂದು ಬಿಳಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ. ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ನೇಯ್ಗೆಯ ಎಳೆ ಸಿಕ್ಕಿದ ಕಡೆಯೆಲ್ಲ ಪೆನ್ಸಿಲು ತೊಡರುತ್ತದೆ. ಎಳೆಯ ತಲೆಯ ಮೇಲೆ ಸೀಸ ಅಂಟುತ್ತದೆ, ಸಂದಿನಲ್ಲಿ ಜಾರಿಬಿಡುತ್ತದೆ. ಗೆರೆ ಎಂದುಕೊಂಡದ್ದು ಹತ್ತಿರದಿಂದ ಸಣ್ಣ ಸಣ್ಣ ಚುಕ್ಕೆಗಳ ಸಾಲು. ಕೈ ಕೊಂಚ ಒತ್ತಿದರೆ ಕಪ್ಪಾಯಿತು, ಹಗುರಾದರೆ ಮಾಯವಾಯಿತು. ಮಾರ್ಟಿನ್ ಅವರ ಗೆರೆಗಳಲ್ಲಿ ಆ ಏರಿಳಿತವೆಲ್ಲ ಹಾಗೇ ಉಳಿದಿದೆ. ಅಳಿಸಲು ಹೋಗಿಲ್ಲ. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಗೆರೆಗಳು ಒಂದರೊಳಗೊಂದು ಕರಗಿ ಮಂಜಿನ ಹಾಗೆ ಆಗುತ್ತವೆ.

ಚಿತ್ರ ಅವರ ಮನಸ್ಸಿಗೆ ಮೊದಲು ಅಂಚೆಚೀಟಿಯಷ್ಟು ಪುಟ್ಟದಾಗಿ ಬರುತ್ತಿತ್ತಂತೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ಆರು ಅಡಿಗೆ ಹಿಗ್ಗಿಸುತ್ತಿದ್ದರು. 1967ರಲ್ಲಿ ನ್ಯೂಯಾರ್ಕ್ ಬಿಟ್ಟು ಹೊರಟರು. ಕೆಲವು ವರ್ಷ ಚಿತ್ರವನ್ನೇ ಮಾಡಲಿಲ್ಲ. ನ್ಯೂ ಮೆಕ್ಸಿಕೋದಲ್ಲಿ ಮಣ್ಣಿನ ಇಟ್ಟಿಗೆಯ ಮನೆಯನ್ನು ತಾವೇ ಕಟ್ಟಿಕೊಂಡರು. 1974ರ ಹೊತ್ತಿಗೆ ಮತ್ತೆ ಶುರು. ವಯಸ್ಸಾದ ಮೇಲೆ ಕ್ಯಾನ್ವಾಸನ್ನು ಐದು ಅಡಿಗೆ ಇಳಿಸಿದರು. ಕಾರಣ ತುಂಬಾ ಸಾದಾ. ಆರು ಅಡಿಯದನ್ನು ಎತ್ತಿ ಇಡಲು ಆಗುತ್ತಿರಲಿಲ್ಲ.

ಮಾರ್ಟಿನ್ ಜೊತೆಗೇ ನೆನಪಾಗುವವರು ನಸ್ರೀನ್ ಮೊಹಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಪಾಠ ಮಾಡುತ್ತಿದ್ದವರು. ಕಾಗದ, ಶಾಯಿ, ಪೆನ್ಸಿಲು, ನಕ್ಷೆ ಬರೆಯುವವರ ಉಪಕರಣಗಳು. ಕೃತಿಗಳಿಗೆ ಹೆಸರಿಡುತ್ತಿರಲಿಲ್ಲ, ಹೆಚ್ಚಿನವಕ್ಕೆ ತಾರೀಖೂ ಇಲ್ಲ. ಗೆರೆಗಳು ಓರೆಯಾಗಿ ಹಾಯ್ದು, ದಟ್ಟವಾಗಿ, ಮತ್ತೆ ತೆಳುವಾಗಿ, ಕಾಗದದ ಬಿಳಿಯೊಳಗೆ ಇಲ್ಲವಾಗುತ್ತವೆ. ನರದ ಕಾಯಿಲೆಯಿಂದ ಕೈಯ ಹಿಡಿತ ತಪ್ಪುತ್ತಾ ಹೋದ ವರ್ಷಗಳಲ್ಲೂ ಆ ಗೆರೆಗಳು ಕೂದಲೆಳೆಯಷ್ಟೂ ಅಲುಗಿಲ್ಲ. 1990ರಲ್ಲಿ ತೀರಿಕೊಂಡರು. ಒಂದು ಗೆರೆಗೆ ಎಷ್ಟು ಹೊತ್ತು ಹಿಡಿದಿರಬಹುದು ಎಂದು ಯೋಚಿಸುತ್ತಾ ನಾನು ಅವನ್ನು ಮತ್ತೆ ಮತ್ತೆ ನೋಡುತ್ತೇನೆ.

ಬೆಳಕಿನ ಮಾತು ಒಂದು ಉಳಿದಿದೆ. ಡ್ಯಾನ್ ಫ್ಲೇವಿನ್ 1963ರ ಮೇ 25ರಂದು ಎಂಟು ಅಡಿಯ ಒಂದು ಹಳದಿ ಟ್ಯೂಬ್‌ಲೈಟನ್ನು ಗೋಡೆಯ ಮೇಲೆ ಓರೆಯಾಗಿ ಇಟ್ಟರು. 45 ಡಿಗ್ರಿ ಕೋನ. ಆಮೇಲೆ ಅವರು ಹೆಚ್ಚಾಗಿ ಕೆಲಸ ಮಾಡಿದ್ದು ಟ್ಯೂಬ್‌ಲೈಟಿನಲ್ಲೇ. ಕೃತಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಕಷ್ಟ. ಬೆಳಕು ಗೋಡೆಗೆ ಹರಡುತ್ತದೆ, ನೆಲಕ್ಕೆ ಇಳಿಯುತ್ತದೆ, ನಿಮ್ಮ ಅಂಗಿಯ ತೋಳಿನ ಮೇಲೂ ಬಂದು ಕೂರುತ್ತದೆ.

ಮತ್ತೆ ಜಡ್ ಅವರ ಹತ್ತಿರ ಬರೋಣ. ಟೆಕ್ಸಾಸಿನ ಮರುಭೂಮಿಯಲ್ಲಿ ಮಾರ್ಫಾ ಎಂಬ ಸಣ್ಣ ಊರಿದೆ. ಅಲ್ಲಿ ಸೈನ್ಯದವರು ಬಿಟ್ಟುಹೋದ ಎರಡು ದೊಡ್ಡ ಶೆಡ್ಡುಗಳಲ್ಲಿ ಅವರು 1982ರಿಂದ 1986ರವರೆಗೆ ನೂರು ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಇಟ್ಟರು. ಹೊರಗಿನ ಅಳತೆ ನೂರಕ್ಕೂ ಒಂದೇ: 41, 51, 72 ಇಂಚು. ಒಳಗಡೆ ಮಾತ್ರ ಒಂದರಂತೆ ಇನ್ನೊಂದಿಲ್ಲ. ಕೆಲವಕ್ಕೆ ನಡುವೆ ತಡೆ, ಕೆಲವಕ್ಕೆ ಓರೆ ಹಲಗೆ, ಕೆಲವು ಪೂರ್ತಿ ತೆರೆದಿವೆ. ಶೆಡ್ಡಿನ ಎರಡೂ ಬದಿಯ ಹಳೆಯ ಬಾಗಿಲುಗಳನ್ನು ತೆಗೆಸಿ ದೊಡ್ಡ ಗಾಜಿನ ಕಿಟಕಿ ಕೂರಿಸಿದರು. ವಿದ್ಯುತ್ ದೀಪದ ನೆರವಿಲ್ಲದೆ, ಹಗಲಿನ ಬೆಳಕಿನಲ್ಲೇ ಅವನ್ನು ನೋಡಬೇಕು. ಬೆಳಗ್ಗೆ ಒಂದು ಬದಿಯ ಪೆಟ್ಟಿಗೆಗಳು ಹೊಳೆಯುತ್ತವೆ. ಬಿಸಿಲು ಸರಿದ ಹಾಗೆ ಒಂದು ಪೆಟ್ಟಿಗೆ ಗಾಜಿನಂತೆ ಕಾಣುತ್ತದೆ, ಪಕ್ಕದ್ದು ಕಲ್ಲಿನಂತೆ. ಕಿಟಕಿಯಾಚೆಯ ಒಣಹುಲ್ಲಿನ ಬಣ್ಣ ಲೋಹದೊಳಗೆ ಇಳಿಯುತ್ತದೆ. ನೀವು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಸರಿಯುತ್ತದೆ.

ನಮಸ್ಕಾರ.