ಟ್ರ್ಯಾಕ್‌ಗೆ ಇಳಿಯುವ ಕಾರಿನ ಸ್ಪ್ರಿಂಗು ಮತ್ತು ಚಕ್ರ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತಿನಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ. ಕಾಗದ, ಪೆನ್ನು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ಮಂಗಳೂರು, ಉಡುಪಿಯಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದನ್ನು ಟ್ರ್ಯಾಕ್‌ಗೆ ಇಳಿಸಬೇಕೆಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಹೋಗಬೇಕು. ಹೆಚ್ಚಿನವರು ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವುದಿಲ್ಲ, ಓಡಿಸಿಕೊಂಡೇ ಹೋಗುತ್ತಾರೆ. ಚೆನ್ನೈಗಾದರೆ ಶಿರಾಡಿ ಘಾಟಿ ಹತ್ತಿ, ಊರೂರಿನ ಹಂಪ್ ದಾಟಿ, ಅದೇ ಸ್ಪ್ರಿಂಗಿನ ಮೇಲೆ ವಾಪಸ್ ಬರಬೇಕು. ಇದನ್ನು ಮರೆತು ಸ್ಪ್ರಿಂಗ್ ಆರಿಸಿದರೆ ಟ್ರ್ಯಾಕೂ ಇಲ್ಲ, ರಸ್ತೆಯೂ ಇಲ್ಲ.

'8ಕೆ ಸ್ಪ್ರಿಂಗ್ ಹಾಕಿಸಿದ್ದೇನೆ' ಎನ್ನುವುದನ್ನು ಕೇಳಿರುತ್ತೀರಿ. 8ಕೆ ಎಂದರೆ ಆ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 8 ಕಿಲೋ ಭಾರ ಬೇಕು. ನ್ಯೂಟನ್ ಲೆಕ್ಕದಲ್ಲಿ 78. ಆದರೆ ಅದು ಸ್ಪ್ರಿಂಗಿನ ಅಂಕೆ, ಚಕ್ರದ ಅಂಕೆಯಲ್ಲ. ಚಕ್ರ 50 ಮಿಲಿಮೀಟರ್ ಮೇಲೆದ್ದಾಗ ಸ್ಪ್ರಿಂಗ್ 35 ಮಿಲಿಮೀಟರ್ ಮಾತ್ರ ಕುಗ್ಗಿದರೆ ಅನುಪಾತ 0.7. ಚಕ್ರದ ಬಳಿಯ ಗಟ್ಟಿತನಕ್ಕೆ ಈ ಅನುಪಾತದ ವರ್ಗವೇ ಲೆಕ್ಕ, ಅದು 0.49. ಹಾಕಿದ ಸ್ಪ್ರಿಂಗಿನ ಗಟ್ಟಿತನದಲ್ಲಿ ಅರ್ಧ ಮಾತ್ರ ಚಕ್ರಕ್ಕೆ ಸಿಗುತ್ತದೆ. ಪಕ್ಕದ ಮನೆಯವರ ಕಾರಿನ ಅಂಕೆಯನ್ನು ನಿಮ್ಮ ಕಾರಿಗೆ ತರಬಾರದು ಎನ್ನುವುದು ಇದಕ್ಕೇ. ಅನುಪಾತ ತಿಳಿಯಲು ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜ್ಯಾಕಿನಿಂದ ಎತ್ತಿ, ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗಿತು ಎಂದು ಟೇಪಿನಿಂದ ಅಳೆದರೆ ಸಾಕು.

ಇನ್ನು ತೂಕ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಹಿಂದಿನದು. ಡ್ರೈವರ್ ಒಳಗಿರಲಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ. ಹತ್ತು ಕಿಲೋ ಹೆಚ್ಚುಕಮ್ಮಿ ಬಂದರೂ ಈ ಕೆಲಸಕ್ಕೆ ತೊಂದರೆಯಿಲ್ಲ. ಮುಂದೆ 600 ಕಿಲೋ ಬಂತು ಎನ್ನೋಣ. ಒಂದು ಮೂಲೆಗೆ 300. ಚಕ್ರ, ಬ್ರೇಕ್, ಚಕ್ರವನ್ನು ಕೂರಿಸುವ ಹಬ್ ಸೇರಿ 35 ಕಿಲೋ ಕಳೆದರೆ ಸ್ಪ್ರಿಂಗ್ ಹೊರುವುದು 265. ಸಾಧಾರಣ ರಸ್ತೆ ಕಾರಿನ ದೇಹ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆಕೆಳಗೆ ಕುಲುಕುತ್ತದೆ. ಓಡಿಸಿಕೊಂಡು ಹೋಗಿ ಟ್ರ್ಯಾಕ್‌ನಲ್ಲಿ ಬಳಸುವ ಕಾರಿಗೆ 2 ಸಲ ಸರಿ. ಎರಡೂವರೆ ದಾಟಿದರೆ ಘಾಟಿಯ ಒಡಕು ರಸ್ತೆಯಲ್ಲಿ ಟಯರ್ ನೆಲ ಬಿಟ್ಟು ಕುಣಿಯುತ್ತದೆ, ಮಳೆಯಲ್ಲಿ ಅದು ಅಪಾಯ. ಲೆಕ್ಕ ಹೀಗೆ: 2ರ ವರ್ಗ 4, ಅದನ್ನು 39.5ರಿಂದ, ಅಂದರೆ ಪೈ ವರ್ಗದ ನಾಲ್ಕು ಪಟ್ಟಿನಿಂದ, ಮತ್ತೆ 265ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 42. ಚಕ್ರದ ಬಳಿ ಬೇಕಾದದ್ದು ಮಿಲಿಮೀಟರಿಗೆ 42 ನ್ಯೂಟನ್. 0.7ರ ಕಾರಿನಲ್ಲಿ ಇದಕ್ಕೆ 85 ನ್ಯೂಟನ್ನಿನ ಸ್ಪ್ರಿಂಗ್ ಬೇಕು, ಅಂದರೆ ಸುಮಾರು 8.7ಕೆ. ಮುಂದೆ ಸ್ಟ್ರಟ್, ಅಂದರೆ ಶಾಕೂ ಸ್ಪ್ರಿಂಗೂ ಸೇರಿ ಹಬ್ಬಿಗೇ ಜೋಡಿಸಿದ ಕಂಬ, ಇರುವ, 0.95 ಅನುಪಾತದ ಕಾರಿಗೆ 4.7ಕೆ ಸಾಕು. ತೂಕ ಅದೇ, ಕುಲುಕಾಟ ಅದೇ, ಸ್ಪ್ರಿಂಗ್ ಮಾತ್ರ ಹೆಚ್ಚುಕಡಿಮೆ ಅರ್ಧ.

ಉದ್ದದ ಲೆಕ್ಕವನ್ನೂ ಬಿಡಬೇಡಿ. ಆ 85 ನ್ಯೂಟನ್ನಿನ ಸ್ಪ್ರಿಂಗ್ ಕಾರು ನಿಂತಾಗಲೇ 44 ಮಿಲಿಮೀಟರ್ ಕುಗ್ಗಿರುತ್ತದೆ. ಚಕ್ರ ಮೇಲಕ್ಕೆ ಇನ್ನೂ 60 ಹೋದರೆ ಸ್ಪ್ರಿಂಗಿಗೆ 42. ಸುತ್ತುಗಳು ಒಂದಕ್ಕೊಂದು ತಾಗದಿರಲು ಸ್ವಲ್ಪ ಉಳಿಸಿದರೆ ಒಟ್ಟು 95 ಮಿಲಿಮೀಟರ್ ಕುಗ್ಗಬಲ್ಲ ಸ್ಪ್ರಿಂಗೇ ಬೇಕು. ಒಳವ್ಯಾಸ 60, 63.5, 65 ಹೀಗೆ ಬೇರೆಬೇರೆ ಬರುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯ ಅಳತೆ ನೋಡದೆ ತರಿಸಿದರೆ ಸ್ಪ್ರಿಂಗ್ ಓರೆಯಾಗಿ ಕೂತು ಶಾಕನ್ನು ಉಜ್ಜುತ್ತದೆ. ಹಳೆಯ ಸ್ಪ್ರಿಂಗನ್ನು ಕತ್ತರಿಸಿ ಕಾರು ತಗ್ಗಿಸುವ ಕೆಲಸವನ್ನಂತೂ ದಯವಿಟ್ಟು ಮಾಡಿಸಬೇಡಿ. ತುದಿಯ ಆಕಾರ ಹೋಗುತ್ತದೆ, ಚಕ್ರ ಇಳಿಬಿದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಕಳಚುತ್ತದೆ.

ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಶಾಕಿನ ಹಿಡಿತ ಸುಮಾರು 1.4 ಪಟ್ಟು ಹೆಚ್ಚಬೇಕು. ಕಂಪನಿಯ ಹಳೇ ಶಾಕ್ ಅದನ್ನು ತಡೆಯದು, ಕಾರು ಪುಟಿಯುತ್ತದೆ. ಇನ್ನೊಂದು ತಪ್ಪು ಕಣ್ಣಿಗೆ ಬೀಳದು. ಕಾರನ್ನು ವಿಪರೀತ ತಗ್ಗಿಸಿದಾಗ ತಿರುವಿನ ನಡುವೆ ಅದು, ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡಾದ ಬಂಪ್‌ಸ್ಟಾಪ್ ಮೇಲೆ ಕೂರುತ್ತದೆ, ಗಟ್ಟಿತನ ಒಮ್ಮೆಲೇ ಏರುತ್ತದೆ, ಮುಂದಿನ ಟಯರ್ ಜಾರುತ್ತದೆ. ಓಡಿಸುವವರು ಸ್ಪ್ರಿಂಗನ್ನು ಬೈಯುತ್ತಾರೆ. ಶಾಕಿನ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ ಎರಡು ಸುತ್ತು ಓಡಿಸಿ ಬನ್ನಿ. ಟೈ ಬಂಪ್‌ಸ್ಟಾಪ್‌ವರೆಗೆ ಸರಿದಿದ್ದರೆ ಕಾರನ್ನು 10 ಮಿಲಿಮೀಟರ್ ಎತ್ತಿ, ಸ್ಪ್ರಿಂಗ್ ಬದಲಿಸುವ ಮೊದಲು.

ಈಗ ಚಕ್ರ. ಕಂಪನಿಯ ರಿಮ್ 7 ಇಂಚು ಅಗಲ, ಆಫ್‌ಸೆಟ್ 45 ಎನ್ನೋಣ. ರಿಮ್ಮಿನ ಅಗಲದ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಮಿಲಿಮೀಟರ್ ದೂರವೇ ಆಫ್‌ಸೆಟ್. ನೀವು ನೋಡಿದ್ದು ಎಂಟೂವರೆ ಇಂಚು, ಆಫ್‌ಸೆಟ್ 40. ಒಳಗಡೆ ಸ್ಟ್ರಟ್ ಕಡೆಗೆ 14 ಮಿಲಿಮೀಟರ್, ಹೊರಗಡೆ ಫೆಂಡರ್ (ಮಡ್‌ಗಾರ್ಡ್) ಕಡೆಗೆ 24 ಮಿಲಿಮೀಟರ್ ಹೆಚ್ಚುತ್ತದೆ. ಟಯರೂ ಅಗಲದ್ದಾದರೆ ಆ ಹೆಚ್ಚಳ ಇದಕ್ಕೆ ಸೇರುತ್ತದೆ. ಸ್ಟ್ರಟ್ಟಿಗೂ ಟಯರಿಗೂ ಕನಿಷ್ಠ 5 ಮಿಲಿಮೀಟರ್ ಬಿಡುವಿರಲಿ. ಕಾಯಿಲೋವರಿನ, ಅಂದರೆ ಶಾಕಿನ ಸುತ್ತಲೇ ಸ್ಪ್ರಿಂಗ್ ಕೂರುವ ಜೋಡಣೆಯ, ಕೆಳತಟ್ಟೆ ಟಯರಿನ ಎತ್ತರಕ್ಕೆ ಬಂದರೆ ಅಲ್ಲೇ ಉಜ್ಜುವುದು. ಸ್ಪ್ರಿಂಗೂ ಚಕ್ರವೂ ಒಟ್ಟಿಗೇ ತೀರ್ಮಾನವಾಗಬೇಕು ಎನ್ನುವುದಕ್ಕೆ ಈ ಒಂದು ಜಾಗವೇ ಸಾಕು. ಖಚಿತ ಮಾಡಿಕೊಳ್ಳಲು ಸ್ಪ್ರಿಂಗ್ ತೆಗೆದು ಶಾಕ್ ಮಾತ್ರ ಕೂರಿಸಿ, ಮಕ್ಕಳ ಆಟದ ಜೇಡಿಮಣ್ಣನ್ನು ಫೆಂಡರ್ ಒಳಗೂ ಸ್ಟ್ರಟ್ ಮೇಲೂ ಅಂಟಿಸಿ, ಚಕ್ರವನ್ನು ಬಂಪ್‌ಸ್ಟಾಪ್ ಒತ್ತುವವರೆಗೆ ಜ್ಯಾಕ್ ಮಾಡಿ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಜೇಡಿ ಎಲ್ಲಿ ಕೆತ್ತಿಹೋಯಿತೋ ಅಲ್ಲಿ ಜಾಗ ಸಾಲದು. ಕಾರು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಂತಿರಬೇಕು.

ರಿಮ್ಮಿನ ನಡುವಿನ ತೂತು ಹಬ್ಬಿಗಿಂತ ದೊಡ್ಡದಾದರೆ ಆ ಸಂದು ತುಂಬುವ ರಿಂಗ್ ಹಾಕಿ. ನಟ್ಟಿನ ತಲೆ ಶಂಕುವಿನದೋ ಉರುಟಿನದೋ ನೋಡಿ, ಬೆರೆಸಿದರೆ ಎಷ್ಟು ಬಿಗಿದರೂ ಸಡಿಲವೇ. ನಟ್ಟು ಕೂರುವ ಬೋಲ್ಟು, ಅಂದರೆ ಸ್ಟಡ್, 12 ಮಿಲಿಮೀಟರಿನದಾದರೆ ನಟ್ಟು ಕನಿಷ್ಠ 12 ಮಿಲಿಮೀಟರ್ ಒಳಗೆ ಹೋಗಬೇಕು, ಸುತ್ತಿಗೆ ಒಂದೂವರೆ ಮಿಲಿಮೀಟರ್ ಸರಿಯುವ ಪಿಚ್ಚಿನಲ್ಲಿ ಅದು ಎಂಟು ಸುತ್ತು. ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ 5 ಮಿಲಿಮೀಟರ್ ಸ್ಪೇಸರ್ ಈ ಲೆಕ್ಕದಲ್ಲೇ ಕಡಿಮೆ ಮಾಡುತ್ತದೆ, ಉದ್ದದ ಸ್ಟಡ್ ಇಲ್ಲದೆ ಸ್ಪೇಸರ್ ಬೇಡ. ಹೊರಗೆ ಚಾಚುವ ಅಗಲದ ಚಕ್ರ ರಸ್ತೆಗೆ ತರುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿನ ಬಗ್ಗೆ ಬಿಗಿಯಾಗಿದೆ.

ಕೊನೆಗೆ ನಮ್ಮ ಕರಾವಳಿಯ ಉಪ್ಪುಗಾಳಿ. ಹಬ್ಬಿನ ಮುಖದ ಮೇಲೆ ತುಕ್ಕಿನ ಪದರ ಇದ್ದರೆ ರಿಮ್ ಅದರ ಮೇಲೆ ಕೂರುತ್ತದೆ. ಬಿಸಿಯೇರಿ ಪದರ ಪುಡಿಯಾದಾಗ ನಟ್ಟು ಸಡಿಲವಾಗುತ್ತದೆ. ಪ್ರತಿ ಸಲ ತಂತಿ ಬ್ರಷ್ಷಿನಿಂದ ಉಜ್ಜಿ. ಕಾಯಿಲೋವರಿನ ಅಲ್ಯುಮಿನಿಯಂ ಉಂಗುರ ಉಕ್ಕಿನ ಥ್ರೆಡ್ಡಿಗೆ ಒಂದೇ ಮಳೆಗಾಲದಲ್ಲಿ ಅಂಟಿಬಿಡಬಹುದು. ಮೇ ತಿಂಗಳಲ್ಲೇ ಸಿಹಿನೀರಿನಿಂದ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿ. ಸ್ಪ್ರಿಂಗಿನ ಕೆಳಗಿನ ಸುತ್ತಿನಲ್ಲಿ ಬಣ್ಣ ಎದ್ದಿದ್ದರೆ ಅಲ್ಲೇ ಮುಚ್ಚಿ, ಸ್ಪ್ರಿಂಗ್ ಮುರಿಯುವುದು ಸಾಮಾನ್ಯವಾಗಿ ಅಲ್ಲಿಂದಲೇ. ಟ್ರ್ಯಾಕ್‌ನಲ್ಲಿ ಪ್ರತಿ ಓಟದ ಬಳಿಕ, ಚಕ್ರ ತಣಿದ ಮೇಲೆ, ಕಾರಿನ ಕೈಪಿಡಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿತಕ್ಕೆ, ನಟ್ಟುಗಳನ್ನು ಮತ್ತೊಮ್ಮೆ ನೋಡಿ. ನಮಸ್ಕಾರ.