ಅಣುಸ್ಥಾವರ ಬೇಗ ಕಟ್ಟೋದು ಹೇಗೆ? ಬಳ್ಳಾರಿ ಜೀನ್ಸ್ ಮಾಸ್ಟರನ್ನು ಕೇಳಿ

[ದೃಶ್ಯ: ಬಳ್ಳಾರಿಯ ಜೀನ್ಸ್ ಘಟಕ, ಕಟಿಂಗ್ ಟೇಬಲ್]

ನಮಸ್ಕಾರ್ರೀ. ರಾಯಚೂರಿನ ವೀಕ್ಷಕರೊಬ್ಬರ ಪ್ರಶ್ನೆ: "ಅಣ್ಣಾ, 2047ಕ್ಕೆ 1 ಲಕ್ಷ ಮೆಗಾವಾಟ್ ಅಣು ವಿದ್ಯುತ್ ಅಂತಾರೆ. ಈಗಿರೋದು 9 ಸಾವಿರದ ಒಳಗೆ. ಆಗೋ ಮಾತಾ ಇದು?"

ರಿಯಾಕ್ಟರ್ ಅಂದರೆ ಅಣುಸ್ಥಾವರದ ಒಲೆ: ಅದರೊಳಗೆ ಯುರೇನಿಯಂ ಪರಮಾಣು ಒಡೆದರೆ ಶಾಖ, ಶಾಖದಿಂದ ಉಗಿ. ಅಲ್ಲಿಂದಾಚೆ ನಮ್ಮ ರಾಯಚೂರಿನ ಕಲ್ಲಿದ್ದಲು ಸ್ಥಾವರ ಆರ್‌ಟಿಪಿಎಸ್ ಕಥೆಯೇ: ಉಗಿ ಟರ್ಬೈನ್ ತಿರುಗಿಸುತ್ತೆ, ವಿದ್ಯುತ್ ಬರುತ್ತೆ. ಮುಂದೆ ಹೋಗೋಣ.

ಬೇಗ ಬೇಗ ಸಾಲಾಗಿ ಸ್ಥಾವರ ಕಟ್ಟೋದನ್ನು ಫ್ರಾನ್ಸ್ ಮಾಡಿ ತೋರಿಸಿದೆ. 1973ರಲ್ಲಿ ತೈಲದ ಬೆಲೆ ಏರಿತು. ಮರುವರ್ಷವೇ ಪ್ರಧಾನಿ ಪಿಯರ್ ಮೆಸ್ಮರ್ ಅಣು ವಿದ್ಯುತ್ತಿನ ದೊಡ್ಡ ಯೋಜನೆ ತಂದರು. 1977ರಿಂದ 1999ರೊಳಗೆ 58 ರಿಯಾಕ್ಟರ್ ಗ್ರಿಡ್ ಸೇರಿದವು. ಅಷ್ಟಕ್ಕೂ ಅಳತೆ ಮೂರೇ! 34 ರಿಯಾಕ್ಟರ್ 900 ಮೆಗಾವಾಟಿನವು, 20 ರಿಯಾಕ್ಟರ್ 1300ರವು, ಉಳಿದ ನಾಲ್ಕು 1450ರವು.

ಈಗ ಈ ಟೇಬಲ್ ನೋಡಿ. ಮಾಸ್ಟರ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿದ್ದಾರೆ. ಮೇಲೊಂದು ಪ್ಯಾಟರ್ನ್. ಮಿಷನ್ ಓಡಿಸಿದರೆ ಒಂದೇ ಸಲಕ್ಕೆ ರಾಶಿ ಪ್ಯಾಂಟ್. ಆಚೆ ಒಬ್ಬರು ಬರೀ ಜೇಬು ಹೊಲಿಯುತ್ತಾರೆ, ಇನ್ನೊಬ್ಬರು ಬರೀ ಜಿಪ್. ಸಾವಿರನೇ ಜೇಬಿಗೆ ಕೈ ತಾನಾಗೇ ಓಡುತ್ತೆ. ರಿಯಾಕ್ಟರಿನ ವೆಲ್ಡರ್ ಕೈಯೂ ಹಾಗೆಯೇ ಪಳಗೋದು. ಒಂದು ಕಡೆ ಮುಗಿಸಿದ ತಂಡ ಮುಂದಿನ ಕಡೆ ಅದೇ ಕೆಲಸ ಹಿಡಿಯಬೇಕು. ಮಧ್ಯೆ ಹತ್ತು ವರ್ಷ ಸುಮ್ನೆ ಕೂರಿಸಿದರೆ ಕಲಿತದ್ದು ಹೋಯಿತು.

ಅಮೆರಿಕದ ವೋಗ್ಟಲ್ ಸ್ಥಾವರದಲ್ಲಿ ನಕ್ಷೆ ಪೂರ್ತಿಯಾಗೋ ಮೊದಲೇ ಕೆಲಸ ಶುರುವಾಯಿತು. ಬಟ್ಟೆ ಕತ್ತರಿಸಿ ಆಮೇಲೆ ಸೊಂಟದ ಅಳತೆ ತಗೊಂಡ ಹಾಗೆ! ಎರಡು ರಿಯಾಕ್ಟರ್ ಏಳು ವರ್ಷ ತಡವಾಗಿ, 2023 ಮತ್ತು 2024ರಲ್ಲಿ ಶುರುವಾದವು. ಖರ್ಚು 3 ಸಾವಿರ ಕೋಟಿ ಡಾಲರ್ ದಾಟಿತು.

"ಪ್ಯಾಟರ್ನೇ ತಪ್ಪಿದ್ದರೆ?" ಅಂತ ಮಾಸ್ಟರನ್ನು ಕೇಳಿದೆ. "ರಾಶಿ ಪೂರ್ತಿ ಹೋಯಿತು ಸರ್" ಅಂದರು. ಫ್ರಾನ್ಸಿಗೆ ಅದೂ ಆಯಿತು. 2021ರ ಕೊನೆಗೆ ಒಂದು ರಿಯಾಕ್ಟರಿನ ಪೈಪಿನಲ್ಲಿ ಬಿರುಕು ಕಂಡಿತು. ಅದೇ ವಿನ್ಯಾಸದ ಬೇರೆಯವನ್ನೂ ನಿಲ್ಲಿಸಿ ನೋಡಬೇಕಾಯಿತು. ಬಾಕಿ ದುರಸ್ತಿಗಳೂ ಸೇರಿ, 2022ರಲ್ಲಿ ಅಣು ವಿದ್ಯುತ್ ಉತ್ಪಾದನೆ ಸುಮಾರು 30 ವರ್ಷದಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ಆದರೂ ನನ್ನ ವೋಟು ಒಂದೇ ಪ್ಯಾಟರ್ನಿಗೆ.

ನಮ್ಮ ದೇಶವೂ 2017ರಲ್ಲಿ ಅದನ್ನೇ ಹಿಡಿಯಿತು. 700 ಮೆಗಾವಾಟಿನ 10 ರಿಯಾಕ್ಟರ್‌ಗೆ ಒಟ್ಟಿಗೇ ಒಪ್ಪಿಗೆ. ಕೈಗಾದ 5 ಮತ್ತು 6ನೇ ಘಟಕ ಅದರಲ್ಲೇ ಇವೆ. ಒಪ್ಪಿಗೆ ಒಟ್ಟಿಗೆ ಸಿಕ್ಕಿತು, ಕೆಲಸ ಮಾತ್ರ ಒಟ್ಟಿಗೆ ಓಡಲಿಲ್ಲ.

ಟೈಮ್ ಆಯಿತು, ಉಳಿದದ್ದು ಒಂದೇ ಉಸಿರಿಗೆ: ತಡವಾದಷ್ಟೂ ಸಾಲದ ಬಡ್ಡಿ ಜಾಸ್ತಿ, ಅದಕ್ಕೆ ಕಡಿಮೆ ಬಡ್ಡಿಯ ದುಡ್ಡು ಬೇಕು. ಪಳಗಿದ ಎಂಜಿನಿಯರ್‌ಗಳು ಬೇಕು. ತಂಪು ಮಾಡೋಕೆ ಬೇಸಿಗೆಯಲ್ಲೂ ಬತ್ತದ ನೀರು ಬೇಕು. ಜಾಗ ಬಿಟ್ಟುಕೊಡೋ ಊರಿನವರ ಒಪ್ಪಿಗೆಗೆ ಇನ್ನೊಂದು ವಿಡಿಯೋನೇ ಬೇಕು. ಸದ್ಯಕ್ಕೆ ಮಾಸ್ಟರ್ ಟೇಬಲ್ ಖಾಲಿ ಮಾಡಿ ಅಂತಿದ್ದಾರೆ.