ಒಂದು ವಂಶವಾಹಿ, ಮೂರು ವಾಸನೆ: ಓಆರ್7ಡಿ4

ಸಭಿಕರೇ,

ಆಂಡ್ರೋಸ್ಟೆನೋನ್ ಎಂಬ ರಾಸಾಯನಿಕವನ್ನು ಒಂದೇ ಸೀಸೆಯಿಂದ ಮೂವರಿಗೆ ಮೂಸಲು ಕೊಟ್ಟರೆ, ಒಬ್ಬರು ಮೂತ್ರದ ನಾತವೆಂದು ಮೂಗು ಮುಚ್ಚಿಕೊಳ್ಳಬಹುದು, ಇನ್ನೊಬ್ಬರು ವೆನಿಲಾದಂತೆ ಸಿಹಿಯಾಗಿದೆ ಎನ್ನಬಹುದು, ಮೂರನೆಯವರು ಇದರಲ್ಲಿ ಏನೂ ಇಲ್ಲವಲ್ಲ ಎಂದು ಸೀಸೆಯನ್ನು ಹಿಂದಿರುಗಿಸಬಹುದು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಈ ವ್ಯತ್ಯಾಸದ ಒಂದು ಮುಖ್ಯ ಕಾರಣ ನಮ್ಮ 19ನೆಯ ವರ್ಣತಂತುವಿನಲ್ಲಿರುವ ಓಆರ್7ಡಿ4 ಎಂಬ ವಂಶವಾಹಿ.

ವಾಸನೆಯ ಗ್ರಾಹಕಗಳನ್ನು ರೂಪಿಸುವ ವಂಶವಾಹಿಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. 2004ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಮನುಷ್ಯರಲ್ಲಿ ಕೆಲಸ ಮಾಡುವ ಇಂತಹ ವಂಶವಾಹಿಗಳು ಸುಮಾರು 400. ಮೂಗಿನ ಮೇಲ್ಭಾಗದ ಒಳಪೊರೆಯಲ್ಲಿರುವ ಪ್ರತಿಯೊಂದು ಘ್ರಾಣ ನರಕೋಶವೂ ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ಮಾತ್ರ, ಅದರಲ್ಲಿಯೂ ತಾಯಿಯಿಂದ ಬಂದ ಅಥವಾ ತಂದೆಯಿಂದ ಬಂದ ಒಂದೇ ಪ್ರತಿಯನ್ನು ಬಳಸುತ್ತದೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಹೀಗೆ ತಯಾರಾದ ಗ್ರಾಹಕ ಪ್ರೋಟೀನು ಕೋಶದ ಪೊರೆಯನ್ನು ಏಳು ಬಾರಿ ದಾಟಿ ನಿಲ್ಲುತ್ತದೆ. ತಕ್ಕ ಅಣು ಬಂದು ಅಂಟಿಕೊಂಡೊಡನೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಹೆಚ್ಚಿ, ಪೊರೆಯ ಅಯಾನು ದ್ವಾರಗಳು ತೆರೆದುಕೊಂಡು, ವಿದ್ಯುತ್ ಸಂಕೇತವೊಂದು ಮಿದುಳಿನ ಕಡೆಗೆ ಹೊರಡುತ್ತದೆ.

ಹಿರೋಆಕಿ ಮತ್ಸುನಾಮಿ ಮತ್ತು ಲೆಸ್ಲಿ ವೊಸ್‌ಹಾಲ್ ಅವರ ತಂಡಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅವರು ಮನುಷ್ಯರ ನೂರಾರು ಗ್ರಾಹಕಗಳನ್ನು ಪ್ರಯೋಗಾಲಯದ ಕೋಶಗಳಲ್ಲಿ ಒಂದೊಂದಾಗಿ ತಯಾರಿಸಿ, ಆಂಡ್ರೋಸ್ಟೆನೋನಿಗೆ ಯಾವುದು ಪ್ರತಿಕ್ರಿಯಿಸುತ್ತದೆ ಎಂದು ಪರೀಕ್ಷಿಸಿದರು. ಬಲವಾಗಿ ಪ್ರತಿಕ್ರಿಯಿಸಿದ್ದು ಓಆರ್7ಡಿ4. ಇದರ ಒಂದು ಸಾಮಾನ್ಯ ರೂಪದಲ್ಲಿ, ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳ ಸರಣಿಯ 88ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಟ್ರಿಪ್ಟೋಫ್ಯಾನ್, 133ನೆಯ ಸ್ಥಾನದಲ್ಲಿ ಥ್ರಿಯೋನೀನ್ ಬದಲು ಮೆಥಿಯೋನೀನ್ ಇರುತ್ತದೆ. ಡಿಎನ್‌ಎಯಲ್ಲಿ ಎರಡೇ ಅಕ್ಷರಗಳ ಬದಲಾವಣೆ. ಆದರೆ ಆ ರೂಪದ ಗ್ರಾಹಕ ಕೋಶಗಳಲ್ಲಿ ಬಹುಮಟ್ಟಿಗೆ ನಿಷ್ಕ್ರಿಯವಾಗಿತ್ತು. ಅನಂತರ ಸ್ವಯಂಸೇವಕರಿಗೆ ವಾಸನೆ ತೋರಿಸಿ, ಅವರ ವಂಶವಾಹಿಯನ್ನೂ ಓದಿದಾಗ, ಈ ದುರ್ಬಲ ರೂಪದ ಒಂದು ಪ್ರತಿಯನ್ನಾದರೂ ಪಡೆದವರಿಗೆ ಆಂಡ್ರೋಸ್ಟೆನೋನ್, ಎರಡೂ ಸಕ್ರಿಯ ಪ್ರತಿಗಳಿದ್ದವರಿಗಿಂತ ಒಟ್ಟಾರೆ ಕಡಿಮೆ ತೀವ್ರವಾಗಿ, ಕಡಿಮೆ ಅಸಹ್ಯವಾಗಿ ತೋರಿತು. ತಟ್ಟೆಯಲ್ಲಿ ಬೆಳೆಸಿದ ಕೋಶದ ವರ್ತನೆಯೂ ಮನುಷ್ಯನ ಅನುಭವವೂ ಹೀಗೆ ಒಂದಕ್ಕೊಂದು ತಾಳೆಯಾದದ್ದೇ ಈ ಅಧ್ಯಯನದ ನಿಜವಾದ ತೂಕ ಎಂದು ನಾನು ಭಾವಿಸುತ್ತೇನೆ.

ಹಾಗೆಂದು ಎಲ್ಲವನ್ನೂ ಈ ವಂಶವಾಹಿಯ ತಲೆಗೆ ಕಟ್ಟಲಾಗದು. ಆಂಡ್ರೋಸ್ಟೆನೋನಿನ ವಾಸನೆಯೇ ಹತ್ತದ ಕೆಲವರು ಅದನ್ನು ವಾರಗಟ್ಟಲೆ ಮತ್ತೆ ಮತ್ತೆ ಮೂಸಿದ ಮೇಲೆ ಗುರುತಿಸಲು ಶಕ್ತರಾದರೆಂಬುದು 1989ರಲ್ಲಿಯೇ ವರದಿಯಾಗಿತ್ತು. ಇನ್ನು, ಒಂದು ನಿರ್ದಿಷ್ಟ ವಸ್ತುವಿನ ವಾಸನೆ ಮಾತ್ರ ತಿಳಿಯದಿರುವುದು ಆರೋಗ್ಯವಂತರಲ್ಲಿಯೂ ಸಾಮಾನ್ಯ. ಆದ್ದರಿಂದಲೇ ಘ್ರಾಣಶಕ್ತಿ ಕುಂದಿದೆಯೇ ಎಂದು ಪರೀಕ್ಷಿಸುವಾಗ ಒಂದೇ ವಾಸನೆಯನ್ನು ನಂಬದೆ ಹಲವು ವಾಸನೆಗಳನ್ನು ಬಳಸುತ್ತಾರೆ.